ಮೊಲಕ್ಕೆ ಹೂಕೋಸಿನ ಎಲೆ

ನಾನು ಸುಳ್ಳು ಹೇಳುವವಳಲ್ಲ. ಮೊಲದ ವಿಷಯ ಒಂದು ಬಿಟ್ಟು.

ನಮ್ಮ ವೋಲೋಸ್ ಊರಿನ ಶನಿವಾರದ ಸಂತೆ ಮಧ್ಯಾಹ್ನ ಎರಡಕ್ಕೆ ಮುಗಿಯುತ್ತದೆ. ದುಡ್ಡಿರುವವರು ಬೆಳಿಗ್ಗೆ ಹೋಗುತ್ತಾರೆ, ಬುದ್ಧಿ ಇರುವವರು ಎರಡಕ್ಕೆ ಹತ್ತು ನಿಮಿಷ ಇದೆ ಎನ್ನುವಾಗ ಹೋಗುತ್ತಾರೆ. ಆಗ ಗಾಯವಾದ ಆಲೂಗಡ್ಡೆ, ಒಂದು ಬದಿ ಮೆತ್ತಗಾದ ಕಿತ್ತಳೆ, ಬಾಡಿದ ಪಾಲಕ್ ಎಲ್ಲ ಬಂದಷ್ಟಕ್ಕೆ ಹೋಗುತ್ತವೆ. ಆ ಹತ್ತು ನಿಮಿಷಕ್ಕೆ ನಾನೇ ರಾಣಿ. ಅಂಗಡಿಗಳಿಗೆ ಒಂದೊಂದಾಗಿ ಬೀಗ ಬೀಳುತ್ತಿದ್ದ ಆ ವರ್ಷಗಳಲ್ಲಿ ದಿನಕ್ಕೆ ಎರಡು ಯುರೋದಲ್ಲಿ ಊಟ ಮುಗಿಸುವುದನ್ನು ನಾನು ಕಲಿತಿದ್ದೆ. ಸತ್ಯವಾಗಿ ಹೇಳುತ್ತೇನೆ, ಅದರಲ್ಲಿ ನನಗೆ ಸ್ವಲ್ಪ ಜಂಬವೂ ಇತ್ತು.

ಹೂಕೋಸಿನ ಎಲೆಗೆ ಮಾತ್ರ ಯಾರೂ ದುಡ್ಡು ಕೇಳುವುದಿಲ್ಲ. ಕತ್ತರಿಸಿ ಮೇಜಿನ ಕೆಳಗೆ ಎಸೆದಿರುತ್ತಾರೆ. ಆದರೆ ಕೇಳುವುದು ಹೇಗೆ? ನನಗೂ ಒಂದು ಮರ್ಯಾದೆ ಇದೆಯಲ್ಲ. ನಾನು ದರ್ಜಿ. ಮೈಮೇಲೆ ನೀಲಿ ಕೋಟು, ಕೊರಳಿಗೆ ಒಪ್ಪುವ ಸ್ಕಾರ್ಫು, ಕೈಯಲ್ಲಿ ಗ್ಲೌಸು.

"ಸ್ವಲ್ಪ ಎಲೆ ಕೊಡಪ್ಪ, ಮೊಲಕ್ಕೆ" ಎಂದೆ ಹೂಕೋಸಿನವನಿಗೆ.

"ನನಗೂ ಸ್ವಲ್ಪ. ಮೊಲಕ್ಕೇ" ಎಂದಿತು ಪಕ್ಕದಿಂದ ಒಂದು ಗಂಡು ದನಿ.

ತಿರುಗಿದೆ. ಎತ್ತರದ ಆಳು, ನಲವತ್ತರ ಆಸುಪಾಸು, ಕಿವಿಯ ಮೇಲೆ ಮಾತ್ರ ನರೆ. ಬುಟ್ಟಿ ಹಿಡಿದ ಕೈ ನೋಡಿದೆ. ದರ್ಜಿಯ ಚಾಳಿ, ಮುಖಕ್ಕಿಂತ ಮೊದಲು ಕೈ, ತೋಳು, ಭುಜ ನೋಡುತ್ತೇನೆ. ಚೆನ್ನಾಗಿದ್ದವು. ಆಮೇಲೆ ಮುಖ ನೋಡಿದೆ. ಅದೂ ಪರವಾಗಿರಲಿಲ್ಲ.

ಹೂಕೋಸಿನವನು ಸೊಂಟಕ್ಕೆ ಕೈಯಿಟ್ಟು ನಿಂತ. "ಏನಪ್ಪಾ ಇದು, ಈ ಊರಲ್ಲಿ ಮನುಷ್ಯರಿಗಿಂತ ಮೊಲಗಳೇ ಜಾಸ್ತಿ ಆದ್ವಲ್ಲ! ಇರೋದು ಒಂದೇ ರಾಶಿ. ನೀವಿಬ್ರೇ ಹಂಚ್ಕೊಳ್ಳಿ."

"ಮೇಡಂ ತಗೊಳ್ಲಿ" ಎಂದ ಆತ. "ನಿಮ್ಮನೇಲಿ ಎಷ್ಟು ಮೊಲ?"

"ಒಂದು."

"ಹೆಸರು?"

ಯಾರಾದರೂ ಮೊಲದ ಹೆಸರು ಕೇಳುತ್ತಾರಾ? "ಪಾಶಾ" ಎಂದುಬಿಟ್ಟೆ. "ಬಿಳೀದು. ಸಿಕ್ಕಾಪಟ್ಟೆ ತಿನ್ನತ್ತೆ. ನಿಮ್ಮದು?"

ಆತ ಬುಟ್ಟಿ ನೋಡಿದ, ಆಕಾಶ ನೋಡಿದ. "ನಮ್ಮದಕ್ಕೆ ಇನ್ನೂ ಹೆಸರಿಟ್ಟಿಲ್ಲ. ಸ್ವಲ್ಪ ಸಂಕೋಚದ ಪ್ರಾಣಿ."

ಎಳೆಯ ಎಲೆಗಳನ್ನೆಲ್ಲ ನನ್ನ ಚೀಲಕ್ಕೆ ಹಾಕಿ, ಬಲಿತದ್ದನ್ನು ತಾನು ಇಟ್ಟುಕೊಂಡ. ನಾನು ಥ್ಯಾಂಕ್ಸ್ ಹೇಳಿ ಬೇಗ ಬೇಗ ಹೊರಟೆ. ಆತ ಹಿಂದೆಯೇ ಬಂದ. ಬೀದಿ ತಿರುಗಿದೆ, ಆತನೂ ತಿರುಗಿದ. ನಮ್ಮ ವಠಾರದ ಗೇಟಿನ ಹತ್ತಿರ ನಿಂತು, "ಏನ್ರೀ ನಿಮ್ಮ ಉದ್ದೇಶ?" ಎಂದು ಜೋರು ಮಾಡಿದೆ.

ಆತ ಜೇಬಿನಿಂದ ಬೀಗದ ಕೈ ತೆಗೆದು ತೋರಿಸಿದ. "ನಿನ್ನೆ ಬಾಡಿಗೆಗೆ ಬಂದೆ. ನಿಂಬೆಮರದ ಆ ಕಡೆ ರೂಮು. ಹೆಸರು ಸ್ತಾಥಿಸ್." ಆಮೇಲೆ ಕಣ್ಣಲ್ಲೇ ನಕ್ಕು, "ಪಾಶಾನ ಒಂದ್ಸಲ ನೋಡ್ಬಹುದಾ?" ಎಂದ.

"ಅವನು ನಿದ್ದೆ ಮಾಡ್ತಿರ್ತಾನೆ" ಎಂದು ಬಾಗಿಲು ಹಾಕಿಕೊಂಡೆ. ಒಳಗೆ ಬಂದು ಕನ್ನಡಿ ನೋಡಿದರೆ ಮುಖ ಕೆಂಪಗಾಗಿತ್ತು. ಅಯ್ಯೋ ವಾಯಾ, ಮೂವತ್ತಾರಕ್ಕೆ ಇದೆಲ್ಲ ಬೇಕಿತ್ತಾ ಎಂದು ನನ್ನನ್ನೇ ಬೈದುಕೊಂಡೆ.

ನನ್ನ ಮನೆ ಎಂದರೆ ಬೀದಿಗೆ ಮುಖ ಮಾಡಿದ ಒಂದು ಅಂಗಡಿ, ಅದರ ಹಿಂದೆ ಒಂದು ಕೋಣೆ. ಹೊಸ ಬಟ್ಟೆ ಹೊಲಿಸುವವರು ಆಗ ಯಾರೂ ಇರಲಿಲ್ಲ. ಅಪ್ಪನ ಪ್ಯಾಂಟು ಮಗನಿಗೆ, ಅಜ್ಜಿಯ ಪರದೆ ಮೊಮ್ಮಗಳ ಲಂಗಕ್ಕೆ, ಇಂಥ ಕೆಲಸ. ಸಿಕ್ಕಿದ್ದೆಲ್ಲ ಬಾಡಿಗೆಗೆ ಹೋಗುತ್ತಿತ್ತು. ಲಾರಿಸಾ ಊರಿನಲ್ಲಿರುವ ಅಣ್ಣ ವಾರಕ್ಕೊಮ್ಮೆ ಫೋನ್ ಮಾಡಿ, "ಅಂಗಡಿ ಮುಚ್ಚಿ ಬಂದ್ಬಿಡು. ಹಿಂದಿನ ರೂಮು ಖಾಲಿ ಇದೆ, ಮಕ್ಕಳನ್ನ ನೋಡ್ಕೊಂಡಿರು" ಎನ್ನುತ್ತಿದ್ದ. ಅಣ್ಣ ಒಳ್ಳೆಯವನೇ, ಇಲ್ಲವೆನ್ನುವುದಿಲ್ಲ. ಆದರೆ ನನ್ನ ಬಾಗಿಲು, ನನ್ನ ಬೀಗದ ಕೈ ಬಿಟ್ಟು ಇನ್ನೊಬ್ಬರ ಹಿಂದಿನ ರೂಮಿನಲ್ಲಿ ನಾನು ಒಣಗಿಹೋಗುತ್ತೇನೆ. ಈಸ್ಟರ್ ಕಳೆದರೆ ಮದುವೆ, ನಾಮಕರಣಗಳ ಕಾಲ, ಕೆಲಸ ಬರುತ್ತದೆ. ಅಲ್ಲಿಯವರೆಗೆ ಎರಡು ಯುರೋದಲ್ಲಿ ದಿನ ತಳ್ಳಿದರೆ ನಾನು ಗೆದ್ದಂತೆ.

ತಳ್ಳುತ್ತಲೂ ಇದ್ದೆ, ಸಂತೋಷವಾಗಿಯೇ. ಮಸೂರದ ಸಾರು ಎರಡು ದಿನಕ್ಕೆ. ಬಿಳಿ ಬೀನ್ಸ್ ಕಾಳು ಎರಡು ದಿನಕ್ಕೆ. ಗುಡ್ಡದಿಂದ ಕಿತ್ತುತಂದ ಕಹಿಸೊಪ್ಪು ಬೇಯಿಸಿ, ಅಂಗಳದ ನಿಂಬೆಹಣ್ಣು ಹಿಂಡಿ, ನಿನ್ನೆಯ ಬ್ರೆಡ್ಡಿನ ಜೊತೆ. ಅದೂ ಈಸ್ಟರಿಗೆ ಮುಂಚಿನ ಉಪವಾಸದ ನಲವತ್ತು ದಿನ. ಮಾಂಸ ಯಾಕಿಲ್ಲ, ಬೆಣ್ಣೆ ಯಾಕಿಲ್ಲ ಎಂದು ಯಾರೂ ಕೇಳುವುದಿಲ್ಲ. ಬಡವರಿಗೆ ಅಷ್ಟು ಮರ್ಯಾದೆಯ ಕಾಲ ವರ್ಷದಲ್ಲಿ ಇನ್ನೊಂದಿಲ್ಲ.

ಕೆಡಿಸಿದ್ದು ಎವಂಥಿಯಾ ಅಜ್ಜಿ. ವಠಾರದ ಯಜಮಾನಿ, ಮೇಲಿನ ಮಹಡಿಯಲ್ಲಿ ಕಿಟಕಿಯೇ ಅವರ ಸಿಂಹಾಸನ.

"ಲೇ ವಾಯಾ, ಹೊಸಬ ಬಂದು ಮೂರು ದಿನ ಆಯ್ತು. ಒಂದು ತಟ್ಟೆ ಏನಾದ್ರೂ ಕಳಿಸಿದ್ಯಾ?"

"ನೀವು ಕಳಿಸಿದ್ರಾ ಅಜ್ಜಿ?"

"ನನಗೆ ಎಂಬತ್ತೆರಡು ವರ್ಷ. ನಾನ್ ಕಳಿಸಿದ್ರೆ ಅವನಿಗೇನು ಉಪಯೋಗ?"

ಹೂಕೋಸಿನ ಎಲೆ ಸಣ್ಣಗೆ ಹೆಚ್ಚಿ, ಅಕ್ಕಿ ಹಾಕಿ ಬೇಯಿಸಿ, ಮೇಲೆ ನಿಂಬೆರಸ ಬಿಟ್ಟು, ಅಮ್ಮನ ನೀಲಿ ಅಂಚಿನ ತಟ್ಟೆಯಲ್ಲಿ ಕೊಟ್ಟುಬಂದೆ. ಆರು ತಟ್ಟೆಗಳಲ್ಲಿ ಉಳಿದಿದ್ದು ಅದೊಂದೇ.

ನಮ್ಮಲ್ಲಿ ತಟ್ಟೆಯನ್ನು ಖಾಲಿ ಹಿಂದಿರುಗಿಸುವುದಿಲ್ಲ. ಖಾಲಿ ತಟ್ಟೆ ಕೊಟ್ಟರೆ ನಿಮ್ಮ ಸಹವಾಸ ಸಾಕು ಎಂದಂತೆ. ಮರುದಿನವೇ ತಟ್ಟೆ ಬಂತು, ಮೇಲೊಂದು ಬಿಳಿ ಬಟ್ಟೆ ಮುಚ್ಚಿಕೊಂಡು. ಬಟ್ಟೆ ತೆಗೆದರೆ ಗರಿಗರಿ ಸೊಪ್ಪಿನ ವಡೆ, ಮೇಲೆ ಎಳ್ಳು, ಪಕ್ಕದಲ್ಲಿ ಹೂವಿನ ಹಾಗೆ ಕೊಯ್ದ ಒಂದು ಮೂಲಂಗಿ.

"ಇಷ್ಟೆಲ್ಲ ಯಾಕೆ ಮಾಡಕ್ಕೆ ಹೋದ್ರಿ?"

"ಅಭ್ಯಾಸ. ಹದಿನಾರು ವರ್ಷ ಹಡಗಲ್ಲಿ ಅಡುಗೆ ಮಾಡ್ತಿದ್ದೆ, ದ್ವೀಪಗಳಿಗೆ ಹೋಗೋ ಹಡಗು. ಒಂದು ಹೊತ್ತಿಗೆ ಮುನ್ನೂರು ಜನ. ಈಗ ಆ ಹಡಗು ನಿಂತಿದೆ. ಒಬ್ಬನಿಗೆ ಅಂತ ಅಡುಗೆ ಮಾಡಕ್ಕೆ ಕೈಗೇ ಗೊತ್ತಾಗಲ್ಲ."

ಹಡಗಿನ ಅಡುಗೆಯವನು! ಕೂಡಿಟ್ಟಿರುತ್ತಾನೆ, ಮಹರಾಯನಿಗೆ ಏನು ಕೊರತೆ ಎಂದುಕೊಂಡೆ. ಹಾಗಾದರೆ ನಾನೂ ಕಮ್ಮಿಯಾಗಬಾರದು. ಬೀನ್ಸ್ ಕಾಳಿಗೆ ಕ್ಯಾರೆಟ್ಟು, ಸೆಲರಿ, ಧಾರಾಳ ಆಲಿವ್ ಎಣ್ಣೆ ಹಾಕಿ ಒಂದು ತಟ್ಟೆ ಕಳಿಸಿದೆ. ಆ ಎಣ್ಣೆಯ ಸಲುವಾಗಿ ಮಂಗಳವಾರ ಮಧ್ಯಾಹ್ನದ ಊಟ ಬರೀ ಗುಡ್ಡದ ಸೊಪ್ಪು ಕುದಿಸಿದ ಚಹಾದಲ್ಲಿ ಮುಗಿಯಿತು. ಅವನಿಂದ ಒರೆಗಾನೊ ಉದುರಿಸಿ ಹುರಿದ ಬ್ರೆಡ್ ತುಂಡು, ಮೇಲೆ ಕಪ್ಪು ಆಲಿವ್. ನನ್ನಿಂದ ಕಿತ್ತಳೆ ಸಿಪ್ಪೆಯ ಸಿಹಿ. ಅವನಿಂದ ಈರುಳ್ಳಿ ತುಂಬಿದ ಹಿಟ್ಟಿನ ಸುರುಳಿ. ತಟ್ಟೆ ಅಂಗಳ ದಾಟುತ್ತಲೇ ಇತ್ತು. ಪ್ರತಿ ಸಲವೂ ನಿಂಬೆಮರದ ಕೆಳಗೆ ಐದು ನಿಮಿಷ ಮಾತು, ಆಮೇಲೆ ಹತ್ತು ನಿಮಿಷ, ಆಮೇಲೆ ಎವಂಥಿಯಾ ಅಜ್ಜಿ ಮೇಲಿನಿಂದ "ಸಾರು ಆರಿಹೋಯ್ತಲ್ರೋ!" ಎಂದು ಕೂಗುವವರೆಗೆ.

"ಪಾಶಾ ಹೇಗಿದ್ದಾನೆ?"

"ಸ್ವಲ್ಪ ಸೊರಗಿದ್ದಾನೆ. ನಿಮ್ಮದು?"

"ಅದೂ ಹಾಗೇ. ಸೀಸನ್ ಇರಬೇಕು."

ಸೊರಗಿದ್ದು ನಾನು. ನನ್ನ ಲಂಗದ ಸೊಂಟವನ್ನು ಎರಡು ಸಲ ಒಳಗೆ ಹಿಡಿದು ಹೊಲಿದುಕೊಂಡಿದ್ದೆ. ಆದರೆ ಏನು ಹೇಳಲಿ, ಖುಷಿಯಾಗಿದ್ದೆ. ಹೊಲಿಗೆ ಮೆಷಿನ್ನಿನ ಮುಂದೆ ಕೂತು ಹಾಡುತ್ತಿದ್ದೆ. ಅವನು ನನ್ನ ಕತ್ತರಿ ಮಸೆದುಕೊಡಲು ಬಂದ ದಿನ ನೋಡಿದರೆ ಅವನ ಪ್ಯಾಂಟೂ ಜಾರುತ್ತಿತ್ತು. ಬೆಲ್ಟಿಗೆ ಮೊಳೆಯಿಂದ ಹೊಸ ತೂತು ಹೊಡೆದಿದ್ದ.

"ಇಲ್ಲಿ ಬನ್ನಿ. ಕೈ ಮೇಲೆತ್ತಿ" ಎಂದು ಟೇಪು ಸುತ್ತಿದೆ.

ಸಾವಿರ ಸೊಂಟ ಅಳೆದವಳು ನಾನು. ಈ ಒಂದು ಸೊಂಟಕ್ಕೆ ಟೇಪಿನ ತುದಿ ಕೈಗೆ ಸಿಗಲೊಲ್ಲದು. ಅವನು ಉಸಿರು ಬಿಗಿಹಿಡಿದು ಸೀಲಿಂಗ್ ನೋಡುತ್ತಿದ್ದ.

"ಉಸಿರು ಬಿಡಿ ಮಾರಾಯ್ರೆ, ಇಲ್ಲಾಂದ್ರೆ ಅಳತೆ ತಪ್ಪುತ್ತೆ."

"ಬಿಟ್ರೆ ನಿಮ್ಮ ಕೂದಲು ಹಾರುತ್ತೆ. ಅಷ್ಟು ಹತ್ತಿರ ಇದ್ದೀರಿ."

ನಾನು ತಲೆ ಎತ್ತಲಿಲ್ಲ. ಎತ್ತಿದ್ದರೆ ಆ ಪ್ಯಾಂಟಿನ ಕತೆ ಅಲ್ಲಿಗೇ ಮುಗಿಯುತ್ತಿತ್ತು. "ಎರಡು ಇಂಚು ಕಮ್ಮಿಯಾಗಿದೆ. ಯಾಕ್ರೀ?"

"ಉಪವಾಸ ಅಲ್ವಾ. ಕಟ್ಟುನಿಟ್ಟಾಗಿ ಮಾಡ್ತಿದ್ದೀನಿ" ಎಂದ.

ಎಂಥ ದೈವಭಕ್ತ ಎಂದು ನಾನು ನಂಬಿದೆ! ದರ್ಜಿಯಾಗಿದ್ದೂ ನಂಬಿದೆ. ಬಟ್ಟೆಯೊಳಗಿನ ಮೈ ಬಗ್ಗೆ ಹೊಲಿಗೆ ಯಾವತ್ತೂ ಸುಳ್ಳು ಹೇಳದು ಎಂದು ಗೊತ್ತಿದ್ದೂ ನಂಬಿದೆ.

ಅದಾದ ಮೇಲೆ ಕಹಿಸೊಪ್ಪು ತುಂಬಿದ ಪೀತಾ ಮಾಡಿ ಕಳಿಸಿದೆ. ನಾಲ್ಕು ತುಂಡು. ಕಾಗದದಷ್ಟು ತೆಳುವಾಗಿ ಹಿಟ್ಟು ಲಟ್ಟಿಸಿ, ಭುಜ ನೋಯಿಸಿಕೊಂಡು ಮಾಡಿದ್ದೆ.

ತಟ್ಟೆ ವಾಪಸ್ ಬರಲಿಲ್ಲ.

ಒಂದು ದಿನ, ಮೂರು ದಿನ, ಏಳು ದಿನ. ನಾನು ಅಂಗಳಕ್ಕೆ ಬಂದರೆ ಅವನು ಒಳಗೆ. ಎದುರು ಸಿಕ್ಕಿದರೆ "ನಮಸ್ಕಾರ, ಸ್ವಲ್ಪ ಅರ್ಜೆಂಟು" ಎಂದು ಹಿಂದಿನ ಗೇಟಿನಿಂದ ಹೋಗುತ್ತಿದ್ದ. ಪೀತಾಕ್ಕೆ ಉಪ್ಪು ಜಾಸ್ತಿಯಾಗಿತ್ತಾ? ಟೇಪು ಹಿಡಿದಾಗ ನನ್ನ ಮುಖದಲ್ಲಿ ಏನಾದರೂ ಕಂಡು ಹೆದರಿದನಾ?

"ತಟ್ಟೆ ಏನಾಯ್ತೇ?" ಎಂದರು ಅಜ್ಜಿ ಕಿಟಕಿಯಿಂದ.

"ಅವ್ರೇ ಇಟ್ಕೊಳ್ಳಲಿ ಬಿಡಿ. ನನಗೇನು ತಟ್ಟೆಗೆ ಬರವಾ?" ಎಂದೆ. ನಿಜಕ್ಕೂ ಬರವೇ ಇತ್ತು. ಬಾಣಲೆಯಲ್ಲೇ ಊಟ ಮಾಡುತ್ತಿದ್ದೆ. ಹತ್ತನೇ ದಿನ ಬಾಣಲೆ ಮುಂದಿಟ್ಟುಕೊಂಡು ಒಂದಷ್ಟು ಅತ್ತೆ ಕೂಡ. ಹಸಿವಿಗಲ್ಲ. ಹಸಿವು ನನಗೆ ಅಭ್ಯಾಸವಾಗಿತ್ತು, ಅವನಿಲ್ಲದ ಅಂಗಳ ಆಗಿರಲಿಲ್ಲ.

ಅದೇ ಸಂಜೆ ಅಣ್ಣನ ಫೋನು. "ಭಾನುವಾರ ನಿನ್ನ ಹೆಸರಿನ ಹಬ್ಬಕ್ಕೆ ಕಾರು ತರ್ತೀನಿ. ಬರ್ತೀಯೋ ಇಲ್ವೋ, ಅವತ್ತು ತೀರ್ಮಾನ ಹೇಳ್ಬಿಡು." ಈಸ್ಟರಿಗೆ ಒಂದು ವಾರ ಮುಂಚಿನ ಗರಿಗಳ ಭಾನುವಾರ ವಾಯಾ, ಅಂದರೆ ಗರಿ, ಎಂಬ ಹೆಸರಿನವರ ಹಬ್ಬ. ಸೋತುಹೋದ ದನಿಯಲ್ಲಿ "ಬಾ" ಎಂದೆ.

ಶನಿವಾರ ಎರಡಕ್ಕೆ ಹತ್ತು ನಿಮಿಷ ಇರುವಾಗ ಸಂತೆಗೆ ಹೋದೆ. ಹೂಕೋಸಿನವನು ದೂರದಿಂದಲೇ ಕೂಗಿದ. "ಬಾರಮ್ಮ! ಇನ್ನೊಂದು ಮೊಲದೋರು ಆಗ್ಲೇ ಬಂದವ್ರೆ!"

ಮೇಜಿನ ಆ ಬದಿಯಲ್ಲಿ ಸ್ತಾಥಿಸ್ ಕುಕ್ಕರುಗಾಲಲ್ಲಿ ಕೂತು ಎಲೆ ಆರಿಸುತ್ತಿದ್ದ. ಕೈ ಬುಟ್ಟಿಯಲ್ಲಿತ್ತು, ಬಾಯಿ ಆಡುತ್ತಿತ್ತು. ಹೂಕೋಸಿನ ಹಸಿ ದಂಟು ಅಗಿಯುತ್ತಿದ್ದ. ಅಡಗಿಸಿಕೊಂಡು, ಬೇಗ ಬೇಗ, ಹಸಿದವರು ಮಾತ್ರ ತಿನ್ನುವ ಹಾಗೆ.

ನನ್ನನ್ನು ನೋಡಿ ಎದ್ದ. ನುಂಗಲೂ ಆಗದು, ಉಗಿಯಲೂ ಆಗದು.

"ಮೊಲಕ್ಕೆ ಅಂದ್ರಿ?" ಎಂದೆ.

ಅವನು ಕಷ್ಟಪಟ್ಟು ನುಂಗಿದ. "ನಾನೇ ರೀ ಆ ಮೊಲ."

ನನಗೆ ನಗು ಬರಬೇಕಿತ್ತು, ಕಣ್ಣು ತುಂಬಿತು. ಎರಡು ಇಂಚು, ಮೊಳೆಯ ತೂತು ಎಲ್ಲ ಈಗ ಅರ್ಥವಾಯಿತು. "ಹಾಗಾದ್ರೆ ಆ ವಡೆ? ಎಳ್ಳು? ಆಲಿವ್?"

"ದಿನಕ್ಕೆ ಎರಡು ಯುರೋ ರೀ. ನಿಮಗೊಂದು ತಟ್ಟೆ ಕಳಿಸೋ ದಿನ ನಾನು ಬ್ರೆಡ್ ನೀರಲ್ಲಿ ಅದ್ಕೊಂಡು ತಿಂತಿದ್ದೆ. ಅಂಥಾ ಕೋಟು ಹಾಕೋರಿಗೆ ಕಂಡಕಂಡಿದ್ದನ್ನ ಕಳಿಸಕ್ಕಾಗುತ್ತಾ?"

"ಈ ಕೋಟಾ?" ಎಂದು ಒಳಮಗ್ಗುಲು ತಿರುಗಿಸಿ ತೋರಿಸಿದೆ. "ಇದು ಹಳೇ ಸೋಫಾ ಬಟ್ಟೆ! ನಂದೂ ಎರಡು ಯುರೋನೇ. ಪಾಶಾನೂ ಇಲ್ಲ, ಗೀಶಾನೂ ಇಲ್ಲ. ಪಾಶಾ ಅಂದ್ರೆ ನಾನೇ!"

ಹೂಕೋಸಿನವನು ಚಾಕು ಕೆಳಗಿಟ್ಟು ನಮ್ಮಿಬ್ಬರನ್ನೂ ನೋಡುತ್ತಾ ನಿಂತುಬಿಟ್ಟ. ನಾವು ನಕ್ಕೆವು. ಹೊಟ್ಟೆ ಖಾಲಿ ಇರುವಾಗ ಅಷ್ಟು ನಕ್ಕರೆ ತಲೆ ಸುತ್ತುತ್ತದೆ. ನಾನು ಮೇಜು ಹಿಡಿದುಕೊಂಡೆ, ಅವನು ನನ್ನ ಮೊಣಕೈ ಹಿಡಿದುಕೊಂಡ.

ನಗು ನಿಂತ ಮೇಲೆ ಕೇಳಿದೆ. "ತಟ್ಟೆ ಯಾಕೆ ಕೊಡ್ಲಿಲ್ಲ?"

"ಹಾಕಕ್ಕೆ ಏನೂ ಇರ್ಲಿಲ್ಲ. ಖಾಲಿ ತಟ್ಟೆ ಹೇಗ್ರೀ ಕೊಡ್ಲಿ? ನಿಮ್ಮ ಮುಖ ನೋಡಕ್ಕೇ ನಾಚಿಕೆ ಆಗ್ತಿತ್ತು."

"ಒಂದು ಎಲೆ ಹಾಕಿದ್ರೂ ಸಾಕಾಗಿತ್ತು." ಆಮೇಲೆ, ಹೇಳದೆ ಇರಲಾರದೆ ಹೇಳಿದೆ. "ನಾಳೆ ನನ್ನಣ್ಣ ಬರ್ತಾನೆ. ಅಂಗಡಿ ಮುಚ್ಚಿ ಬಾ ಅಂತಾನೆ. ನಾನು ಹೋಗ್ಬಹುದು."

ಏನಾದರೂ ಹೇಳುತ್ತಾನೆ ಎಂದು ಕಾದೆ. ಅವನು ಬುಟ್ಟಿ ಎತ್ತಿಕೊಂಡ. "ತಟ್ಟೆ ನಾಳೆ ತರ್ತೀನಿ" ಎಂದಷ್ಟೇ ಹೇಳಿ ಹೋಗಿಬಿಟ್ಟ. ಆ ಶನಿವಾರ ಎಳೆಯ ಎಲೆಯೆಲ್ಲ ನನಗೇ ಸಿಕ್ಕಿತು. ಮನೆಗೆ ತಂದು ಹಾಗೇ ಇಟ್ಟೆ.

ಭಾನುವಾರ ಬಿಸಿಲು ಚೆನ್ನಾಗಿತ್ತು. ಉಪವಾಸದಲ್ಲೂ ಮೀನಿಗೆ ಅಪ್ಪಣೆ ಇರುವ ದಿನ ಅದು. ಇಡೀ ಬೀದಿ ಹುರಿದ ಮೀನಿನ ವಾಸನೆಯಿಂದ ತುಂಬಿತ್ತು. ಅಣ್ಣ ಅರ್ಧ ಕಿಲೋ ಸಣ್ಣ ಮೀನಿನ ಜೊತೆ ಬಂದ. ನನ್ನನ್ನು ತಬ್ಬಿಕೊಂಡವನು ಹಿಂದೆ ಸರಿದು ನೋಡಿದ. "ಏನೇ ಇದು, ಮೂಳೆ ಕೈಗೆ ಸಿಗ್ತಿದೆ! ಸಾಕು. ಪೆಟ್ಟಿಗೆ ಕಟ್ಟು."

ಅಂಗಳದಲ್ಲಿ ಕುರ್ಚಿ ಹಾಕಿದ್ದೆ. ಅಜ್ಜಿ ಹಬ್ಬದ ಕಪ್ಪು ಉಡುಪಿನಲ್ಲಿ ಕೆಳಗಿಳಿದು ಬಂದಿದ್ದರು. ಬಂದವರಿಗೆ ಕೊಡಲು ಕಿತ್ತಳೆ ಸಿಪ್ಪೆಯ ಸಿಹಿ, ಒಬ್ಬೊಬ್ಬರಿಗೆ ಒಂದೊಂದೇ ಚಮಚ.

ಆಗ ನಿಂಬೆಮರದ ಆ ಕಡೆಯ ಬಾಗಿಲು ತೆರೆಯಿತು. ಸ್ತಾಥಿಸ್ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ನಾನು ಸೊಂಟ ಹಿಡಿದುಕೊಟ್ಟ ಪ್ಯಾಂಟಿನಲ್ಲಿ ಬಂದ. ಎರಡೂ ಕೈಯಲ್ಲಿ ನೀಲಿ ಅಂಚಿನ ತಟ್ಟೆ. ಮೇಲೆ ಬಟ್ಟೆ ಇಲ್ಲ. ತೊಳೆದು, ಒರೆಸಿ, ಹೊಳೆಯುತ್ತಿದ್ದ ತಟ್ಟೆ. ಖಾಲಿ.

ಅಜ್ಜಿ ಶಿಲುಬೆಯ ಗುರುತು ಮಾಡಿಕೊಂಡರು. "ಅಯ್ಯೋ ದೇವ್ರೇ, ಹಬ್ಬದ ದಿನ!"

ಅಣ್ಣ ಕುರ್ಚಿಯಿಂದ ಎದ್ದ. "ಏನ್ರೀ, ನನ್ನ ತಂಗಿಗೆ ಅವಮಾನ ಮಾಡಕ್ಕೆ ಬಂದಿದ್ದೀರಾ?"

ನಮ್ಮ ಸಹವಾಸ ಇಲ್ಲಿಗೆ ಸಾಕು ಎಂದು ಹೇಳಲು ಎಲ್ಲರ ಮುಂದೆ ಬರಬೇಕಿತ್ತಾ? ಲಾರಿಸಾದ ಹಿಂದಿನ ರೂಮು ಕಣ್ಣ ಮುಂದೆ ಬಂತು.

ಅವನು ಅಣ್ಣನನ್ನು ನೋಡಲಿಲ್ಲ. ನನ್ನ ಮುಂದೆ ನಿಂತ.

"ವಾಯಾ, ರಾತ್ರಿಯೆಲ್ಲ ಯೋಚ್ನೆ ಮಾಡ್ದೆ, ಇದರಲ್ಲಿ ಏನು ಹಾಕ್ಲಿ ಅಂತ. ಒಂದು ಆಲೂಗಡ್ಡೆ ಇತ್ತು, ಹಾಕ್ಬಹುದಿತ್ತು. ಹಾಕ್ಲಿಲ್ಲ." ಮೊದಲ ಸಲ 'ನೀನು' ಎಂದ. "ನೀನು ಕೊಡೋದು, ನಾನು ವಾಪಸ್ ಕೊಡೋದು, ಇಬ್ರೂ ಉಪವಾಸ ಬೀಳೋದು. ಇದು ಪಕ್ಕದ ಮನೆಯವರ ಲೆಕ್ಕ. ಒಂದೇ ಮನೇಲಿ ಇರೋರು ಒಬ್ಬರಿಗೊಬ್ಬರು ತಟ್ಟೆ ವಾಪಸ್ ಕೊಡ್ತಾರಾ? ಅದಕ್ಕೇ ಖಾಲಿ ತಂದೆ."



"ಒಬ್ಬರಿಗೆ ಅಡುಗೆ ಮಾಡೋದು ದುಬಾರಿ" ಎಂದು ಅವನೇ ಮುಂದುವರಿಸಿದ, ಕಿವಿ ಕೆಂಪಗಾಗಿತ್ತು. "ಬ್ರೆಡ್ ಒಣಗುತ್ತೆ, ಗ್ಯಾಸ್ ಹಾಳು. ಎರಡು ಯುರೋದಲ್ಲಿ ಒಬ್ಬರಿಗೆ ಅರೆಹೊಟ್ಟೆ. ನಾಲ್ಕು ಯುರೋದಲ್ಲಿ ಇಬ್ಬರ ಹೊಟ್ಟೇನೂ ತುಂಬಿಸ್ತೀನಿ, ಅದು ನನಗೆ ಬಿಡು. ಆದ್ರೆ ಅದಕ್ಕೆ ಅಂತ ಕೇಳ್ತಿಲ್ಲ. ನೀನು ಹೋದ್ರೆ ನನಗೆ ಒಂದು ತುತ್ತೂ ಇಳಿಯಲ್ಲ. ಅದಕ್ಕೆ ಕೇಳ್ತಿದ್ದೀನಿ."

ನಾನು ಏನೇನೋ ಹೇಳಬೇಕೆಂದಿದ್ದೆ. ಹನ್ನೆರಡು ದಿನದ ಸಿಟ್ಟು ಹಾಗೇ ಇತ್ತು. "ಹನ್ನೆರಡು ದಿನ ಬಾಣಲೇಲಿ ಊಟ ಮಾಡ್ಸಿದ್ದೀಯಾ ನನ್ನ ಕೈಲಿ" ಎಂದೆ. ಕೈ ಚಾಚಿದೆ. "ಕೊಡು ಇಲ್ಲಿ."

ತಟ್ಟೆ ಇಸಿದುಕೊಂಡು ನೇರವಾಗಿ ಅವನ ರೂಮಿಗೆ ನಡೆದೆ. ಅಲ್ಲಿ ಒಲೆಯ ಪಕ್ಕದಲ್ಲಿ ಒಂದೇ ಲೋಟ, ಒಂದೇ ಫೋರ್ಕು, ಒಂದು ಆಲೂಗಡ್ಡೆ ಇತ್ತು. ಮೂರನ್ನೂ ತಟ್ಟೆಯ ಮೇಲಿಟ್ಟುಕೊಂಡು ಅಂಗಳ ದಾಟಿ ನನ್ನ ಅಡುಗೆಮನೆಗೆ ತಂದಿಟ್ಟೆ. ಅಷ್ಟೇ ನನ್ನ ಉತ್ತರ.

ಅಜ್ಜಿ ಕಣ್ಣೊರೆಸಿಕೊಳ್ಳಲು ಕರವಸ್ತ್ರ ಹುಡುಕುತ್ತಿದ್ದರು. ಅಣ್ಣ ಮೀನಿನ ಪೊಟ್ಟಣ ಎತ್ತಿ ಸ್ತಾಥಿಸ್‌ನ ಕೈಗೆ ಕೊಟ್ಟ. "ಹೊಟ್ಟೆ ತುಂಬಿಸ್ತೀನಿ ಅಂತೀರಿ. ಎಲ್ಲಿ, ಹುರಿದು ತೋರ್ಸಿ ನೋಡೋಣ" ಎಂದ. ಹುರಿದ. ನಾಲ್ಕು ಜನ ತಿಂದೆವು. ಅಣ್ಣ ಕಾರು ಹತ್ತುವಾಗ ಪೆಟ್ಟಿಗೆಯ ಮಾತೇ ಎತ್ತಲಿಲ್ಲ. ಅವನು ಹೋದ ಮೇಲೆ ಬಾಣಲೆಯ ತಳದಲ್ಲಿ ಉಳಿದಿದ್ದ ಆರು ಮೀನನ್ನು ನಾವಿಬ್ಬರು ನೀಲಿ ಅಂಚಿನ ಒಂದೇ ತಟ್ಟೆಯಲ್ಲಿ ತಿಂದೆವು. ಕೊನೆಯದನ್ನು ನೀನು ತಿನ್ನು ಎಂದು ಜಗಳವಾಡಿ, ಅರ್ಧ ಮಾಡಿಕೊಂಡೆವು.

ಈಸ್ಟರ್ ಕಳೆದ ಮೊದಲ ಶನಿವಾರ, ಎರಡಕ್ಕೆ ಹತ್ತು ನಿಮಿಷ ಇರುವಾಗ, ಇಬ್ಬರೂ ಒಂದೇ ಬುಟ್ಟಿ ಹಿಡಿದು ಸಂತೆಗೆ ಹೋದೆವು.

"ಎಲೆ ಇದೆಯೇನಪ್ಪ?" ಎಂದೆ.

ಹೂಕೋಸಿನವನು ಮೀಸೆಯಡಿಯಲ್ಲೇ ನಕ್ಕ. "ಯಾಕಮ್ಮ, ಮೊಲಕ್ಕಾ?"

ಸ್ತಾಥಿಸ್ ನನ್ನನ್ನು ನೋಡಿದ. ಸುತ್ತ ಜನವಿತ್ತು. ನನ್ನ ಗಿರಾಕಿಗಳಿಬ್ಬರು ಪಕ್ಕದಲ್ಲೇ ಆಲೂಗಡ್ಡೆ ಆರಿಸುತ್ತಿದ್ದರು.

"ಅಲ್ಲ ಕಣಪ್ಪ" ಎಂದೆ, ಎಲ್ಲರಿಗೂ ಕೇಳುವ ಹಾಗೆ. "ನಮಗೆ."